ಬೆಳ್ಳಗೆ ಉಜ್ಜಿದ ತೊಟ್ಟಿ

ಮೊದಲ ಮಳೆ ಬಿದ್ದು, ನೆಲದ ಕಾವು ಇನ್ನೂ ಆರಿರದ ದಿನಗಳು. ಬೆಳಗಿನ ಹೊತ್ತು, ಶಾಲೆಯ ಗಂಟೆ ಆಗಿರಲಿಲ್ಲ. ನಾನು ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಾ ಕೂತಿದ್ದೆ. ಹಿತ್ತಲ ಕಡೆಯಿಂದ ಅಕ್ಕನ ಗಂಟಲು ಕೇಳಿಸಿತು.

"ಮಗೂ ಕೈ ನೋಡಿದ್ಯೇನೋ ತಮ್ಮಾ? ರಾಗಿ ಚೆಲ್ಲಿದ ಹಾಗೆ ಗುಳ್ಳೆ ಎದ್ದಿದೆ! ಈ ಸಲ ಆ ತೊಟ್ಟಿಗೆ ಕಲ್ಲುಮಣ್ಣು ಸುರಿಸಿ ಮುಚ್ಚಿಸ್ಲಿಲ್ಲ ಅಂದ್ರೆ ನಾನು ನಾನೇ ಅಲ್ಲ!"

ಮಗು ಅಂದರೆ ಅಕ್ಕನ ಮೊಮ್ಮಗಳು. ಎಲ್ಲರೂ ಚೂಟಿ ಅಂತ ಕರೆಯುವುದು. ಸೊಳ್ಳೆ ಕಡಿದು ಕಡಿದು ರಾತ್ರಿ ನಿದ್ದೆಯಿಲ್ಲ, ಹಗಲು ಶಾಲೆಯಲ್ಲಿ ತೂಕಡಿಕೆ. ಸೊಳ್ಳೆಯ ಕಾಟ ನಮ್ಮ ಮನೆಗೊಂದೇ ಅಲ್ಲ, ಇಡೀ ಬೀದಿಗೆ ಇತ್ತು.

ನಮ್ಮದು ಬಟ್ಟೆ ಒಗೆಯುವವರ ಬೀದಿ. ಹೋಟೆಲಿನ ಬೆಡ್‌ಶೀಟು, ಆಸ್ಪತ್ರೆಯ ಟವಲು, ಎಲ್ಲ ಗಂಟುಗಂಟಾಗಿ ಇಲ್ಲಿಗೇ ಬರುತ್ತವೆ. ಒಗೆಯುವ ಕೈಗಳು ಹಲವು, ಯಜಮಾನಿಕೆ ಮಾತ್ರ ನನ್ನ ಅಕ್ಕನದು. ನಮ್ಮ ಅಂಗಳದ ಮೋಟುಗೋಡೆ ದಾಟಿದರೆ ಶಾಲೆಯ ಹಿತ್ತಲು. ಅಲ್ಲೊಂದು ಹಳೆಯ ಕಲ್ಲಿನ ತೊಟ್ಟಿ ಇದೆ. ಹಿಂದೆ ಅದು ನಮ್ಮದೇ ಒಗೆಯುವ ತೊಟ್ಟಿ. ನಡುವೆ ಅಡ್ಡಗೋಡೆ, ಒಂದು ಪಾಲಿನಲ್ಲಿ ಬಟ್ಟೆ ನೆನೆಸುವುದು, ಇನ್ನೊಂದು ಪಾಲಿನಲ್ಲಿ ಜಾಲಿಸುವುದು. ನಲ್ಲಿ ಬಂದ ಮೇಲೆ ತೊಟ್ಟಿಯ ಕೆಲಸ ಮುಗಿಯಿತು. ಈಗ ಶಾಲೆಯ ಸೂರಿನ ನೀರು ಬಿದ್ದು ತುಂಬುತ್ತದೆ, ಅಷ್ಟೇ.

ಕೆಲಸ ಮುಗಿದರೂ ಅಕ್ಕನ ಕೈ ಬಿಡಬೇಕಲ್ಲ! ಹಸಿರು ಕಂಡರೆ ನಮ್ಮವರ ಕಣ್ಣಿಗೆ ಅದು ಕಲೆ. ಬಿಳಿ ಬಟ್ಟೆಯ ಮೇಲಿನ ಕಲೆಯನ್ನು ಬಿಟ್ಟು ಮಲಗಿದವರು ನಮ್ಮ ವಂಶದಲ್ಲೇ ಇಲ್ಲ. ಆಗಾಗ ನೀರು ಚೆಲ್ಲಿ, ಬ್ಲೀಚಿಂಗ್ ಪುಡಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ, ತೊಟ್ಟಿಯನ್ನು ಹಾಲಿನ ಪಾತ್ರೆಯ ಹಾಗೆ ಮಾಡಿಬಿಡುತ್ತಿದ್ದಳು. ಮತ್ತೆ ಮಳೆ ನೀರು ತುಂಬುತ್ತಿತ್ತು. ಸೊಳ್ಳೆಯೂ ಹೆಚ್ಚುತ್ತಿತ್ತು. ಹೆಚ್ಚಿದಷ್ಟೂ ಅಕ್ಕ ಇನ್ನಷ್ಟು ತಿಕ್ಕುತ್ತಿದ್ದಳು.

ಶಾಲೆಯ ತಾಯಂದಿರ ಸಂಘಕ್ಕೂ ಅವಳೇ ಹಿರಿಯಳು. ಮುಚ್ಚಿಸಿ ಅಂದಳು, ಹೆಡ್‌ಮಾಸ್ಟರು ಹೂಂ ಅಂದರು. ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ಕಲ್ಲುಮಣ್ಣಿನ ಟ್ರ್ಯಾಕ್ಟರ್ ಬರುವುದೆಂದು ಮಾತಾಯಿತು.

ಅದನ್ನು ಕೇಳಿ ಓಡಿಬಂದವಳು ವಿಜ್ಞಾನದ ಟೀಚರ್. ಚಿಕ್ಕ ವಯಸ್ಸು, ನಗುಮುಖ, ಚಪ್ಪಲಿಯ ಮೇಲೆ ಯಾವಾಗಲೂ ಕೆಸರು.

"ಅಕ್ಕಾ, ದಯವಿಟ್ಟು ಮುಚ್ಚಿಸ್ಬೇಡಿ. ಈ ತಿಂಗಳು ಮಕ್ಕಳಿಗೆ ಪರಿಸರದ ಪಾಠ ಇದೆ. ಒಂದು ಜೀವಿ, ಅದರ ಬಳಗ, ಸಮುದಾಯ ಅಂತ ಬೋರ್ಡ್ ಮೇಲೆ ಬರೆದ್ರೆ ಎಲ್ಲಾ ಆಕಳಿಸ್ತಾವೆ. ಕಣ್ಣಿಗೆ ತೋರಿಸೋಕೆ ನನಗಿರೋದು ಅದೊಂದೇ ತೊಟ್ಟಿ."

"ಪಾಠಕ್ಕೆ ತೊಟ್ಟಿ ಯಾಕಮ್ಮಾ? ತೊಟ್ಟೀಲಿ ಇರೋದೇನು, ಸೊಳ್ಳೆ!"

"ಸೊಳ್ಳೆ ಮಾತ್ರ ಇದೆಯಲ್ಲಾ, ತೊಂದರೆ ಅದೇ ಅಕ್ಕಾ."

ಅಕ್ಕ ಸೊಂಟಕ್ಕೆ ಕೈಯಿಟ್ಟು ನನ್ನ ಕಡೆ ನೋಡಿದಳು. "ಕೇಳಿದ್ಯೇನೋ? ಸೊಳ್ಳೆ ಒಂದೇ ಸಾಲ್ದಂತೆ, ಇನ್ನೂ ನೆಂಟರನ್ನ ಕರೆಸ್ತಾಳಂತೆ!"

ಟೀಚರ್ ಬೇಸರ ಮಾಡಿಕೊಳ್ಳಲಿಲ್ಲ. ಮಧ್ಯಾಹ್ನ ತರಗತಿಯನ್ನೇ ನಮ್ಮ ಅಂಗಳಕ್ಕೆ ಕರೆತಂದಳು. ಹಗ್ಗದ ಮೇಲೆ ಬಟ್ಟೆ, ಮೂಲೆಯಲ್ಲಿ ಗಂಟು, ನಡುವೆ ಕಿಚಪಿಚ ಅನ್ನುವ ಮಕ್ಕಳು. ಅವಳು ಒಂದು ಬೆಡ್‌ಶೀಟ್ ಎತ್ತಿ ಹಿಡಿದಳು.

"ಇದು ಒಂದು ಕಪ್ಪೆ ಅಂದ್ಕೊಳ್ಳಿ. ಒಂದೇ ಒಂದು. ಇದನ್ನ ಜೀವಿ ಅಂತೀವಿ. ಈಗ ಬೆಡ್‌ಶೀಟುಗಳ ಇಡೀ ಗಂಟು?"

"ಕಪ್ಪೆಗಳ ಗಂಟು!"

"ಹೂಂ, ಬಳಗ. ಒಂದೇ ಜಾತಿ, ಒಂದೇ ಜಾಗದಲ್ಲಿ ಬದುಕೋವು. ಈಗ ಅದರ ಜೊತೆ ಟವಲು, ದಿಂಬಿನ ಚೀಲ, ಎಲ್ಲಾ ಸೇರಿಸಿದ್ರೆ ಏನಾಗುತ್ತೆ?"

"ಅಜ್ಜಿ ಬೈತಾರೆ!" ಅಂದಳು ಚೂಟಿ. ಅಂಗಳವೆಲ್ಲ ನಗು. ಅಕ್ಕನೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಬೈಗುಳ ಆಮೇಲೆ. ಬೇರೆ ಬೇರೆ ಬಳಗ ಒಂದೇ ಕಡೆ ಇದ್ರೆ ಅದು ಸಮುದಾಯ. ಕಪ್ಪೆ, ಹುಳ, ಬಸವನಹುಳು, ಪಾಚಿ ಎಲ್ಲಾ. ಸರಿ, ಬಟ್ಟೆ ಬಂತು. ಬಿಸಿಲಿಲ್ಲ, ಗಾಳಿಯಿಲ್ಲ, ನೀರಿಲ್ಲ. ಕೆಲಸ ನಡೆಯುತ್ತಾ?"

"ಗಬ್ಬು ನಾರುತ್ತೆ ಮಿಸ್!"

"ಹಾಗಾದ್ರೆ ಬಟ್ಟೆ, ಬಿಸಿಲು, ನೀರು, ಗಾಳಿ, ಈ ಕಲ್ಲು, ಎಲ್ಲಾ ಸೇರಿ ನಡೆಸೋ ಸಂಸಾರಕ್ಕೆ ಪರಿಸರ ವ್ಯವಸ್ಥೆ ಅಂತ ಹೆಸರು. ಕೆರೆ ಒಂದು ಸಂಸಾರ, ಕಾಡು ಒಂದು, ಹೊಲ ಒಂದು. ಭೂಮಿ ಮೇಲಿರೋ ಇಂಥ ಸಂಸಾರಗಳೆಲ್ಲಾ ಒಟ್ಟಾಗಿ ಜೀವಗೋಳ."

ನಾನು ಎರಡನೇ ತರಗತಿಗೆ ಶಾಲೆ ಬಿಟ್ಟವನು. ಆದರೂ ಅಂದು ನನಗೆ ಒಂದು ಮಾತೂ ಬಿಡದೆ ಅರ್ಥವಾಯಿತು. ಅಕ್ಕ ಮಾತ್ರ ಒಪ್ಪುವವಳಲ್ಲ.

"ಅಲ್ಲಮ್ಮಾ, ಬೆಡ್‌ಶೀಟು ಟವಲನ್ನ ತಿನ್ನುತ್ತಾ?"

ಟೀಚರ್ ಚಪ್ಪಾಳೆ ತಟ್ಟಿದಳು. "ಅಕ್ಕಾ, ಸರಿಯಾದ ಕಡೆ ಹಿಡಿದ್ರಿ! ತಿನ್ನಲ್ಲ. ಇಲ್ಲಿಗೆ ನನ್ನ ಬಟ್ಟೆ ಪಾಠ ಮುಗೀತು. ತಿನ್ನೋದು ಯಾರು, ತಿನ್ನಿಸ್ಕೊಳ್ಳೋದು ಯಾರು ಅಂತ ತೋರಿಸೋಕೇ ನನಗೆ ತೊಟ್ಟಿ ಬೇಕು. ಹೇಗೂ ಎರಡು ಪಾಲಿದೆ. ಒಂದನ್ನ ನೀವು ಎಷ್ಟು ಬೇಕಾದ್ರೂ ತಿಕ್ಕಿ. ಇನ್ನೊಂದನ್ನ ಮುಟ್ಟಬೇಡಿ. ಟ್ರ್ಯಾಕ್ಟರ್ ಬರೋ ದಿನ ನೋಡೋಣ. ನನ್ನ ಪಾಲಲ್ಲಿ ಸೊಳ್ಳೆಮರಿ ಜಾಸ್ತಿ ಇದ್ರೆ ನಾನೇ ಮೊದಲ ಬುಟ್ಟಿ ಮಣ್ಣು ಹಾಕ್ತೀನಿ."

"ಮಾತು ಮಾತೇನಾ?"

"ಮಾತು ಮಾತೇ ಅಕ್ಕಾ."

ಅಂದಿನಿಂದ ಶುರುವಾಯಿತು ನೋಡಿ ಜಟಾಪಟಿ. ಅಕ್ಕ ತನ್ನ ಪಾಲನ್ನು ಎಂದಿಗಿಂತ ಜೋರಾಗಿ ತಿಕ್ಕಿದಳು. ಟೀಚರ್ ಪಾಲಿನಲ್ಲಿ ಎಲೆ ಬಿತ್ತು, ಕಡ್ಡಿ ಬಿತ್ತು, ಗೋಡೆಗೆ ಹಸಿರು ಹತ್ತಿತು. ಮಕ್ಕಳು ದಿನಾ ಊಟದ ಬಿಡುವಿನಲ್ಲಿ ಬಗ್ಗಿ ನೋಡುವುದು, ಬಂದು ಕೂಗುವುದು. ಮೊದಲ ಸುದ್ದಿ ಅಕ್ಕನಿಗೆ ಸಕ್ಕರೆಯಂತಿತ್ತು. ಎರಡೂ ಪಾಲಿನಲ್ಲಿ ತಲೆಕೆಳಗಾಗಿ ತೂಗುವ ಸಣ್ಣ ಹುಳುಗಳು, ಸೊಳ್ಳೆಯ ಮರಿಗಳು.

"ಏನಮ್ಮಾ ಟೀಚರಮ್ಮಾ, ನಿನ್ನ ಸಮುದಾಯ ಚೆನ್ನಾಗಿದ್ಯಾ?" ಅಕ್ಕ ಗೋಡೆಯ ಮೇಲಿಂದಲೇ ಕೇಳಿದಳು.

"ತಿನ್ನಿಸ್ಕೊಳ್ಳೋರು ಮೊದಲು ಬಂದಿದಾರೆ ಅಕ್ಕಾ. ತಿನ್ನೋರು ದಾರೀಲಿದಾರೆ."

"ಬಸ್ಸು ತಪ್ಪಿರ್ಬೇಕು!"

ಟೀಚರ್ ನಗುತ್ತಾ ಗೋಡೆಯ ಹತ್ತಿರ ಬಂದಳು. "ನಿಮ್ಮ ಪಾಲಿನ ಕಥೆಯೂ ಇದೇ ಅಕ್ಕಾ. ಸೊಳ್ಳೆ ಬರೋಕೆ ಎಷ್ಟು ಹೊತ್ತು? ನಿಂತ ನೀರು ಕಂಡ್ರೆ ಸಾಕು, ಆವತ್ತೇ ಮೊಟ್ಟೆ. ಅದನ್ನ ತಿನ್ನೋ ಹುಳಗಳು ಹಾಗಲ್ಲ, ನಿಧಾನಕ್ಕೆ ಬಂದು, ನಿಧಾನಕ್ಕೆ ಬೆಳೀತಾವೆ. ಅವು ಬಂದು ಕೂರೋ ಹೊತ್ತಿಗೆ ನೀವು ತಿಕ್ಕಿ ಚೆಲ್ತೀರಿ. ಮತ್ತೆ ನೀರು ತುಂಬುತ್ತೆ, ಮತ್ತೆ ಸೊಳ್ಳೆಯೇ ಮೊದಲು. ಪ್ರತಿ ಸಲ ಅದಕ್ಕೆ ಖಾಲಿ ಮನೆ ಒರೆಸಿ, ಗುಡಿಸಿ ಕೊಟ್ಟ ಹಾಗಾಯ್ತು."

ಅಕ್ಕ ಗೋಡೆ ಬಿಟ್ಟು ಸರಿದಳು. ಒಳಗೆ ಬಂದು ನನ್ನ ಮುಂದೆ ಕೂತಳು.

"ತಮ್ಮಾ, ಅಮ್ಮ ಇದ್ದಾಗ ಆ ತೊಟ್ಟಿ ಹೇಗಿತ್ತು, ನೆನಪಿದ್ಯಾ?"

"ನೆನೆಸೋ ಪಾಲಲ್ಲಿ ಪಾಚಿ ಇರ್ತಿತ್ತು," ಅಂದೆ. "ಅಮ್ಮ ಕೈಯಲ್ಲಿ ಸರಿಸಿ ನೀರು ಮೊಗೀತಿದ್ಲು. ನಿನ್ನ ಲಂಗದೊಳಗೆ ಒಂದ್ಸಲ ಕಪ್ಪೆ ನುಗ್ಗಿ ನೀನು ಬೀದಿ ತುಂಬಾ ಓಡಿದ್ದೆ."

"ಅದೊಂದು ಬಿಟ್ಟು ಬೇರೇನೂ ನೆನಪಿಲ್ವಾ ನಿನಗೆ! ಸೊಳ್ಳೆ ಇತ್ತಾ?"

"ಇತ್ತು. ಇಷ್ಟಿರ್ಲಿಲ್ಲ."

ಅಕ್ಕ ತಲೆ ಕೆರೆದುಕೊಂಡು ಎದ್ದಳು. ಆದರೆ ಮೂರ್ನಾಲ್ಕು ವಾರ ಕಳೆದರೂ ಚೂಟಿಯ ಕೈಯಲ್ಲಿ ಮತ್ತೆ ಹೊಸ ಗುಳ್ಳೆಗಳು ಎದ್ದವು. ಒಂದು ಬೆಳಗ್ಗೆ ಅಕ್ಕ ನಾರು, ಪುಡಿಯ ಡಬ್ಬಿ ಎರಡನ್ನೂ ಹಿಡಿದು ಟೀಚರ್ ಪಾಲಿನ ಕಡೆಗೇ ಹೊರಟಳು. ಕೊಟ್ಟ ಮಾತೆಲ್ಲ ಮಗುವಿನ ಕೈ ನೋಡಿ ಕರಗಿಹೋಗಿತ್ತು. ನಾನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಹಿಂದೆಯೇ ಹೋದೆ.

ಅಲ್ಲಿ ಚೂಟಿ ಕಲ್ಲಿನ ಮೇಲೆ ಬೋರಲು ಮಲಗಿ ನೀರೊಳಗೆ ಇಣುಕುತ್ತಿದ್ದಳು.

"ಏಳೇ, ತಿಕ್ಕಬೇಕು."

"ಶ್! ಅಜ್ಜೀ, ಸದ್ದು ಮಾಡ್ಬೇಡ. ಅವನು ಬೇಟೆಗೆ ಕೂತಿದಾನೆ."

"ಯಾವನೇ ಅವನು?"

"ಬಾ, ಮಲ್ಕೊ, ನೋಡು."

ನನ್ನ ಅಕ್ಕ ಯಾರ ಮಾತಿಗೂ ಬಗ್ಗಿದವಳಲ್ಲ, ಮೊಮ್ಮಗಳ ಮಾತಿಗೆ ಕಲ್ಲಿನ ಮೇಲೆ ಬೋರಲಾದಳು. ಪಾಚಿಯ ನಡುವೆ ಕಂದು ಬಣ್ಣದ ಹುಳು, ಬೆರಳಿನ ಗೆಣ್ಣಿನಷ್ಟು, ಅಲ್ಲಾಡದೆ ಕೂತಿತ್ತು. ಅದು ಏರೋಪ್ಲೇನ್ ಚಿಟ್ಟೆಯ ಮರಿ. ರೆಕ್ಕೆ ಬರುವವರೆಗೂ ಅದರ ವಾಸ ನೀರೊಳಗೇ. ಒಂದು ಸೊಳ್ಳೆಮರಿ ಕುಣಿಯುತ್ತಾ ಹತ್ತಿರ ಬಂತು. ಹುಳುವಿನ ಮುಖದ ಕೆಳಗಿಂದ ಏನೋ ಫಕ್ಕನೆ ಚಾಚಿತು, ಸೊಳ್ಳೆಮರಿ ಮಾಯ.

"ಅಯ್ಯಯ್ಯೋ! ಬಾಯಿನೇ ಕೈ ಥರ ಚಾಚ್ತಲ್ಲೇ!"

"ಇದು ಇವತ್ತಿನ ತಿಂಡಿ ಅಜ್ಜಿ. ಅಲ್ಲಿ ಅಂಗಾತ ಈಜ್ತಿರೋ ಹುಳ ಇದಾನಲ್ಲ, ಅವನೂ ಸೊಳ್ಳೆಮರೀನೇ ತಿನ್ನೋದು. ಗೊದಮೊಟ್ಟೆ ಪಾಚಿ ತಿನ್ನುತ್ತೆ. ಪಾಚಿ ಬಿಸಿಲಲ್ಲಿ ತಾನೇ ಅಡುಗೆ ಮಾಡ್ಕೊಳುತ್ತೆ. ಸತ್ತಿದ್ದೆಲ್ಲಾ ಕೆಳಗೆ ಕೆಸರಾಗಿ ಪಾಚಿಗೇ ಗೊಬ್ಬರ. ಇದನ್ನ ತಿಕ್ಕಿದ್ರೆ ಎಲ್ಲರ ಮನೆನೂ ಹೋಗುತ್ತೆ, ಸೊಳ್ಳೆ ಮಾತ್ರ ನಾಳೆನೇ ವಾಪಸ್ ಬರುತ್ತೆ."

ಅಕ್ಕ ಏಳಲೇ ಇಲ್ಲ. ಇನ್ನೊಂದು ಸಲ ನೋಡುತ್ತೇನೆ ಅಂದಳು. ಮತ್ತೊಂದು ಸಲ ಅಂದಳು. ಶಾಲೆಯ ಗಂಟೆ ಆಯಿತು, ಮಕ್ಕಳು ಬಂದು ಸುತ್ತ ನೆರೆದರು, ಟೀಚರ್ ಬಂದಳು. ಅಕ್ಕ ಬೋರಲಾಗಿಯೇ ಕೈ ಬೀಸಿದಳು: "ದೂರ ನಿಲ್ಲಿ, ನೆರಳು ಬೀಳುತ್ತೆ!"

ಆಮೇಲೆ ಎದ್ದು, ಸೀರೆ ಕೊಡವಿಕೊಂಡು, ತನ್ನ ಪಾಲನ್ನೂ ಬಗ್ಗಿ ನೋಡಿದಳು. ಬೆಳ್ಳನೆಯ ಕಲ್ಲು, ತಿಳಿನೀರು, ಅದರ ತುಂಬ ಸೊಳ್ಳೆಮರಿ, ಬಟ್ಟೆಗೆ ಎಳ್ಳು ಚೆಲ್ಲಿದ ಹಾಗೆ. ಪಕ್ಕದ ಹಸಿರು ನೀರಿನಲ್ಲಿ ಅವುಗಳನ್ನು ಹುಡುಕಬೇಕಿತ್ತು.

"ಟೀಚರಮ್ಮಾ, ಇಷ್ಟು ವರ್ಷ ನಾನು ಸೊಳ್ಳೆಗೆ ಮಡಿ ಮಾಡಿ ಕೊಟ್ಟೆ ಅನ್ನು!"

ಟೀಚರ್ ಅವಳ ಕೈ ಹಿಡಿದುಕೊಂಡಳು. "ಒಂದು ಮಾತು ಅಕ್ಕಾ. ಬಕೆಟ್ಟು, ಡಬ್ಬ, ಡ್ರಮ್ಮು ಇವಕ್ಕೆ ತಿನ್ನೋರು ಬರಲ್ಲ. ಅವುಗಳನ್ನ ಮಾತ್ರ ಚೆಲ್ಲಿ, ಮುಚ್ಚಿಡಲೇಬೇಕು. ಅಲ್ಲಿ ನಿಮ್ಮ ತಿಕ್ಕೋ ಕೈ ಬೇಕೇ ಬೇಕು."

ಅಷ್ಟು ಸಾಕಾಯಿತು. ಅಂದು ಸಂಜೆಯೊಳಗೆ ಅಕ್ಕ ನಮ್ಮ ಬೀದಿಯಲ್ಲಿ ಒಂದು ಡ್ರಮ್ಮನ್ನೂ ಬಾಯಿ ತೆರೆದಿರಲು ಬಿಡಲಿಲ್ಲ. ಒಡೆದ ಮಗ್ಗು, ಮೂಲೆಯ ಟಯರು, ಎಲ್ಲ ಬೋರಲಾದವು. ತನ್ನ ಪಾಲಿನ ನೀರನ್ನು ಕೊನೆಯ ಸಲ ಚೆಲ್ಲಿ, ಹೊಸ ನೀರು ತುಂಬಲು ಬಿಟ್ಟಳು. ಬಿಟ್ಟ ಮೇಲೆ ಮುಟ್ಟಲಿಲ್ಲ. ಮುಟ್ಟದಿರುವುದೇ ಅವಳಿಗೆ ದೊಡ್ಡ ಕೆಲಸವಾಗಿತ್ತು. ಹೋಗುತ್ತಾ ಬರುತ್ತಾ ಬೆರಳು ಮಡಚಿಕೊಳ್ಳುತ್ತಿದ್ದಳು.

ಮಳೆ ಬಿಡುವು ಕೊಟ್ಟಾಗ ಟ್ರ್ಯಾಕ್ಟರ್ ಬಂತು. ಅಕ್ಕ ಗೇಟಿಗೆ ಅಡ್ಡ ನಿಂತಳು.

"ಎಲ್ಲಿ ಸುರೀಬೇಕು ತಾಯಿ?" ಡ್ರೈವರ್ ಕೇಳಿದ.

"ಗೇಟಿನ ಮುಂದಿನ ಗುಂಡಿಗೆ ಸುರಿ. ಮಕ್ಕಳು ಅದರಲ್ಲಿ ಬೀಳ್ತಾವೆ, ಅಲ್ಲೂ ನೀರು ನಿಲ್ಲುತ್ತೆ. ತೊಟ್ಟಿ ತಂಟೆಗೆ ಹೋದ್ರೆ ಟಯರಿನ ಗಾಳಿ ತೆಗೀತೀನಿ, ಅಲ್ಲಿ ಸಂಸಾರ ಇದೆ!"

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಚೂಟಿಯ ಕೈ ನುಣ್ಣಗಾಯಿತು. ಏರೋಪ್ಲೇನ್ ಚಿಟ್ಟೆಗಳು ನಮ್ಮ ಹಗ್ಗದ ಮೇಲೆ, ಬಟ್ಟೆಯ ಕ್ಲಿಪ್ಪಿನ ಪಕ್ಕದಲ್ಲಿ ಸಾಲಾಗಿ ಕೂತವು. ಮಕ್ಕಳಿಗೆ ಪಾಠ ಬಾಯಿಪಾಠವಾಗಲಿಲ್ಲ, ಕಣ್ಣಪಾಠವಾಯಿತು.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಬೀದಿಯಲ್ಲೂ ಒಂದು ಹಳೆಯ ಕೊಳವೋ ಕುಂಟೆಯೋ ಇರಬಹುದು. ಮುಚ್ಚುವ ಮೊದಲು, ತಿಕ್ಕುವ ಮೊದಲು, ಮಕ್ಕಳನ್ನು ಕರೆದುಕೊಂಡು ಹೋಗಿ. ಕೈ ಹಿಡಿದೇ ನಿಲ್ಲಿಸಿ, ಬಗ್ಗಿ ನೋಡಿ. ಅಲ್ಲಿ ಯಾರು ಯಾರನ್ನು ತಿನ್ನುತ್ತಾರೆ, ಯಾರಿಗೆ ಯಾರು ಆಸರೆ ಅಂತ ಮಕ್ಕಳನ್ನೇ ಕೇಳಿ. ಮನೆಯ ಡ್ರಮ್ಮು ಮುಚ್ಚಿಡಿ, ಕೊಳದ ಸಂಸಾರವನ್ನು ಬದುಕಲು ಬಿಡಿ. ಒಂದನ್ನು ಕಿತ್ತರೆ ಅದೊಂದೇ ಹೋಗುವುದಿಲ್ಲ.

ಪಕ್ಕದ ಪಟ್ಟಣದಲ್ಲಿ ನಮ್ಮ ಕಿರಿ ತಂಗಿ ಇದ್ದಾಳೆ. ಅವಳೂ ಬಟ್ಟೆ ಒಗೆಯುವವಳೇ, ಅವಳ ಹಿತ್ತಲಲ್ಲೂ ಒಂದು ಹೊಂಡ. ಅದಕ್ಕೆ ಬ್ಲೀಚಿಂಗ್ ಪುಡಿ ತರಿಸಿದ್ದೇನೆ ಅಂತ ಫೋನ್ ಮಾಡಿದ್ದಳು. ಅಕ್ಕ ಒಂದು ಬಿಂದಿಗೆ ಹಸಿರು ನೀರು ಒಯ್ಯುತ್ತೇನೆ ಅಂತ ಹಟ ಹಿಡಿದಳು. ಟೀಚರ್ ಬೇಡವೆಂದಳು, ಇಲ್ಲಿಯ ಜೀವಗಳನ್ನು ಅಲ್ಲಿಗೆ ಹೊರಬಾರದು, ಹಾಗೇ ಬಿಟ್ಟರೆ ಅಲ್ಲಿಯ ಜೀವಗಳು ತಾವೇ ಬರುತ್ತವೆ ಅಂತ. ಅಕ್ಕ ಗೊಣಗಿದಳು, ಬಿಂದಿಗೆ ಇಳಿಸಿದಳು, "ಅವಳ ಪುಡಿ ಡಬ್ಬಿ ಬಚ್ಚಿಟ್ಟೇ ಬರ್ತೀನಿ" ಅಂದಳು. ಭಾನುವಾರ ಬೆಳಗಿನ ಬಸ್ಸಿಗೆ, ಕೈಬೀಸಿಕೊಂಡು ಹೊರಟಳು.