ಅಂಕಯ್ಯ ನೀರಿಗಿಳಿದದ್ದು

ಅಂಕಯ್ಯ ಬಾಯಿ ತೆರೆದರೆ ಇಡೀ ಬಸ್ಸಿಗೆ ಕೇಳಿಸುತ್ತಿತ್ತು. ಮದ್ದೂರು–ಮಳವಳ್ಳಿ ದಾರಿಯಲ್ಲಿ ಆಯುಷ್ಯದ ಬಹುಭಾಗವನ್ನು ಕಂಡಕ್ಟರಾಗಿ ಸವೆಸಿದ ಆ ಕಂಠಕ್ಕೆ ಪಿಸುಮಾತೆಂಬುದೇ ಮರೆತುಹೋಗಿತ್ತು. ನಿವೃತ್ತನಾದ ಮೇಲೂ ಮದುವೆಮನೆಯ ಊಟದ ಬಾಗಿಲಲ್ಲಿ, ಚಿಕ್ಕರಸಿನಕೆರೆಯ ದೇವಸ್ಥಾನದ ಸಾಲಿನಲ್ಲಿ, ಎಲ್ಲಿ ನಾಲ್ಕು ಜನ ಗುಂಪುಗೂಡಿದರೂ “ಮುಂದಕ್ ನಡೀರಿ, ಒಳಗೆ ಜಾಗ ಅದೆ” ಎಂಬ ಆಜ್ಞೆ ತಾನಾಗಿ ಹೊರಬೀಳುತ್ತಿತ್ತು. ಜನರೂ ತಮಗರಿಯದೆ ಒಂದು ಹೆಜ್ಜೆ ಮುಂದೆ ಸರಿಯುತ್ತಿದ್ದರು. ನೆಲ ಯಾವ ಕ್ಷಣದಲ್ಲಾದರೂ ಓಲಾಡೀತು ಎಂಬಂತೆ ಕಾಲು ಅಗಲಿಸಿ ನಿಲ್ಲುವ ಅವನ ಭಂಗಿ, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ನು, ಮನೆಯಲ್ಲೂ ಬಿಡದ ಖಾಕಿ ಅಂಗಿ, ಇವನ್ನೆಲ್ಲ ನೋಡಿ ನಗುತ್ತಲೇ ಹೆಂಡತಿ ಚಲುವಮ್ಮ ಸಂಸಾರ ಮಾಡಿದ್ದಳು.

ಆ ಕಂಠ ಒಂದು ಮಧ್ಯಾಹ್ನ ನಾಲೆಯ ದಂಡೆಯಲ್ಲಿ ಕಟ್ಟಿಹೋಯಿತು.

ಮಾರ್ನಮಿ ಹಬ್ಬಕ್ಕೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ನಾಲೆಗೆ ಒಯ್ದು ಒಗೆಯುವುದು ಆ ಸೀಮೆಯ ವಾಡಿಕೆ. ಬಿ.ಎಡ್. ಓದುತ್ತಿದ್ದ ಮಗಳು ನಾಗಶ್ರೀ ರಗ್ಗೊಂದನ್ನು ಅದ್ದಿ ಎಳೆಯುವಾಗ, ನೀರು ಕುಡಿದ ಅದರ ಭಾರ ಅವಳನ್ನೇ ಒಳಕ್ಕೆ ಎಳೆದುಕೊಂಡಿತು. ಒಗೆದದ್ದನ್ನು ಹೊತ್ತು ತರಲು ಹೋಗಿದ್ದ ಅಂಕಯ್ಯ ಅಲ್ಲೇ ಮೆಟ್ಟಿಲ ಮೇಲಿದ್ದ. ಅವನಿಗೆ ಈಜು ಬಾರದು. ಅಲ್ಲಿದ್ದ ಹೆಂಗಸರಲ್ಲಿ ಯಾರಿಗೂ ಬಾರದು. ಮಗಳ ಹೆಸರು ಕೂಗುತ್ತ ನೀರಿನ ಜೊತೆಜೊತೆಗೇ ದಂಡೆಯುದ್ದಕ್ಕೂ ಓಡಿದ. ಮುಂದಿನ ತೂಬಿನ ಬಳಿ ಅವಳ ದೇಹ ಸಿಕ್ಕಾಗ ಅವನ ಬಾಯಿಂದ ಬರೀ ಗಾಳಿ ಹೊರಡುತ್ತಿತ್ತು.

ಹಾಲುತುಪ್ಪ, ತಿಥಿ ಮುಗಿದು ನೆಂಟರು ಬಸ್ಸು ಹತ್ತಿದ ಮೇಲೆ ಮನೆಯಲ್ಲುಳಿದ ಮೂವರೂ ಮೂರು ದಿಕ್ಕಾದರು. ಮಂಡ್ಯದಲ್ಲಿ ಕೆಲಸಕ್ಕಿದ್ದ ಮಗ ಮಹದೇವು ಭಾನುವಾರ ಬಂದವನು ಯಾರ ಜೊತೆಗೂ ಮಾತಾಡದೆ, ಯಾರೂ ಓಡಿಸದ ತಂಗಿಯ ಸ್ಕೂಟರನ್ನು ಒರೆಸಿ, ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಅದರ ಸದ್ದು ಕೇಳಿ, ಆಫ್ ಮಾಡಿ ಹೊರಟುಬಿಡುತ್ತಿದ್ದ. ಚಲುವಮ್ಮ ನಾಲೆಯ ಹಾದಿ ತೊರೆದಳು. ಸಂತೆಗೆ ಹೋಗಬೇಕಾದರೂ ಊರು ಸುತ್ತಿ ಹೋದಳು. ರಗ್ಗು ಒಗೆಯಲು ಕಳಿಸಿದವಳು ತಾನು ಎಂಬುದನ್ನು ಆಡಲಾರಳು, ದಂಡೆಯ ಮೇಲೆ ನಿಂತಿದ್ದವನು ಗಂಡ ಎಂಬುದನ್ನೂ ಆಡಲಾರಳು. ತಟ್ಟೆಗೆ ಮುದ್ದೆಯಿಟ್ಟು, ಸಾರು ಬಿಟ್ಟು ಒಳಗೆ ಹೋಗಿಬಿಡುವಳು. ಅವನೂ ತಲೆಯೆತ್ತದೆ ಉಂಡು ಏಳುವನು.

ಬೇಸಿಗೆ ಹೊಕ್ಕಾಗ ಅಂಕಯ್ಯ ಬೆಳಗಾಗುತ್ತಲೇ ಎಲ್ಲಿಗೋ ಹೋಗಿ ಒದ್ದೆ ತಲೆಯಲ್ಲಿ ಮರಳತೊಡಗಿದ. ಚಲುವಮ್ಮನ ಎದೆಯಲ್ಲಿ ಬೇರೆಯದೇ ಭಯ ಹುಟ್ಟಿತು. ಒಂದು ಬೆಳಿಗ್ಗೆ ಸದ್ದಿಲ್ಲದೆ ಹಿಂಬಾಲಿಸಿದಳು. ಅವನು ಇಳಿದದ್ದು ಕಬ್ಬಿನ ಗದ್ದೆಯ ಆಚೆ ಸಿದ್ದರಾಜು ಎಂಬ ರೈತನ ಮೆಟ್ಟಿಲುಬಾವಿಗೆ. ಓಡಿಬಂದು ಇಣುಕಿದರೆ, ಅರವತ್ತು ದಾಟಿದ ಗಂಡ ಬೆನ್ನಿಗೆ ಖಾಲಿ ಎಣ್ಣೆಕ್ಯಾನು ಕಟ್ಟಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ತೊಟ್ಟಿಲ ಕೂಸಿನಂತೆ ಕೈಕಾಲು ಬಡಿಯುತ್ತಿದ್ದಾನೆ. ಅವನಿಗಿಂತ ಎಷ್ಟೋ ಚಿಕ್ಕವನಾದ ಸಿದ್ದರಾಜು ಮೆಟ್ಟಿಲ ಮೇಲೆ ಕೂತು ಗದರುತ್ತಿದ್ದಾನೆ: “ಉಸ್ರು ಬುಡಣ್ಣ. ನೀರ್ಗೆ ಒಡೀಬ್ಯಾಡ, ಇಂದಕ್ಕೆ ತಳ್ಳು.”

“ಮಗ್ಳು ಓಗಿದ್ದು ಸಾಲ್ದಾ? ನೀನೂ ಓಗ್ಬೇಕಾ?” ಎಂದಳು ಚಲುವಮ್ಮ ಮೇಲಿನಿಂದ.

ಅಂಕಯ್ಯ ಕಲ್ಲು ಹಿಡಿದು ನಿಂತು, ಬಾಯಲ್ಲಿದ್ದ ನೀರು ಉಗುಳಿದ. ಬಳಿಕ, ಅವಳು ಅವನಿಂದ ಎಂದೂ ಕೇಳಿರದಷ್ಟು ಸಣ್ಣ ದನಿಯಲ್ಲಿ ಹೇಳಿದ: “ಅವತ್ತು ನಾನು ದಡದ್ ಮ್ಯಾಲೆ ನಿಂತಿದ್ದೆ ಕಣೆ ಚಲುವಿ. ಇನ್ನು ನಿಂತ್ಕಳಕ್ಕಾಗಕಿಲ್ಲ.”

ಅವಳು ಮನೆಗೆ ಬಂದಳು. ಆದರೆ ಆ ದನಿ ಅವಳ ಜೊತೆಗೇ ಬಂದು, ಒಲೆಯ ಮುಂದೆ, ಕೊಟ್ಟಿಗೆಯಲ್ಲಿ, ಎಲ್ಲೆಂದರಲ್ಲಿ ಕೇಳಿಸತೊಡಗಿತು.

ಮಳೆಗಾಲ ಕಳೆಯುವ ಹೊತ್ತಿಗೆ ಅಂಕಯ್ಯ ಕ್ಯಾನು ಬಿಚ್ಚಿ ಬಾವಿಯ ಈ ಕಡೆಯಿಂದ ಆ ಕಡೆಗೆ ಈಜತೊಡಗಿದ್ದ. ಅಲ್ಲಿಗೆ ನಿಲ್ಲಬಹುದಿತ್ತು. ಅವನು ಅಂಗಿ ತೊಟ್ಟು ಊರಿನ ಮನೆಮನೆಗೆ ಹೋದ. “ಗಂಡೈಕ್ಳು ಬಾವೀಲಿ ಬಿದ್ದೂ ಎದ್ದೂ ಕಲ್ತ್ಕಂತವೆ. ಬಟ್ಟೆ ಒಗಿಯಾಕೆ ನಾಲೆಗಿಳಿಯೋರು ಎಣ್ಣೈಕ್ಳು. ಅವ್ಕೆ ನಾನು ಕಲಿಸ್ತೀನಿ, ಕಳ್ಸಿ” ಎಂದ. ಜನ ಮರುಕದಿಂದ ಕಾಫಿ ಕೊಟ್ಟು ಕಳಿಸಿದರು. ಯಾರೂ ಮಕ್ಕಳನ್ನು ಕಳಿಸಲಿಲ್ಲ. ಪಕ್ಕದ ಬೀದಿಯ ದೇವಿರಮ್ಮ ಮಾತ್ರ ಚಲುವಮ್ಮನ ಎದುರು ಮುಚ್ಚುಮರೆಯಿಲ್ಲದೆ ಹೇಳಿದಳು: “ಅಣ್ಣನ್ ಮ್ಯಾಲೆ ಅನುಮಾನ ಇಲ್ಲ ಕಣಕ್ಕ. ಆದ್ರೂವೆ ನಮ್ ಮಗ್ಳು ರಂಜಿತನ್ನ ಒಬ್ ಗಂಡ್ಸಿನ್ ಜೊತೆ ಬಾವಿಗೆ ಎಂಗ್ ಕಳ್ಸದು? ಎಂಗ್ಸು ಯಾರಾನ ಇದ್ದಿದ್ರೆ ಬ್ಯಾರೆ ಮಾತು.”

ಆ ಮಾತು ಅಂಕಯ್ಯನ ಕಿವಿಗೂ ಬಿದ್ದಿತ್ತು. ಆದರೂ ಅವನು ಹೆಂಡತಿಯನ್ನು ಬಾ ಎನ್ನಲಿಲ್ಲ. ನೀರಿನ ಹೆಸರೆತ್ತಿದರೆ ಅವಳ ಮುಖ ಏನಾಗುತ್ತದೆಂದು ಬಲ್ಲವನು. ಪ್ರತಿ ಬೆಳಿಗ್ಗೆ ಖಾಲಿ ಕ್ಯಾನುಗಳನ್ನು ಹೆಗಲಿಗೆ ನೇತುಹಾಕಿಕೊಂಡು ಹೋಗಿ, ಬಾರದ ಮಕ್ಕಳಿಗಾಗಿ ಬಾವಿಕಟ್ಟೆಯ ಮೇಲೆ ಕಾದು ಕೂತು, ಬಿಸಿಲೇರಿದ ಮೇಲೆ ಹಿಂದಿರುಗುತ್ತಿದ್ದ. ಚಲುವಮ್ಮನನ್ನು ಕಡೆಗೂ ಅಲುಗಿಸಿದ್ದು ಹಾಗೆ ಅವನು ಬಾ ಎನ್ನದಿದ್ದುದು. ದಬಾಯಿಸಿ ಜನರನ್ನು ಜರುಗಿಸುತ್ತಿದ್ದ ಮನುಷ್ಯ ಅವಳನ್ನು ಇದ್ದಲ್ಲೇ ಇರಲು ಬಿಟ್ಟಿದ್ದ.

ಒಂದು ದಿನ ಅವಳು ಸೆರಗು ಬಿಗಿದು ದೇವಿರಮ್ಮನ ಬಾಗಿಲಿಗೆ ಹೋದಳು. “ರಂಜಿತನ್ನ ಕಳ್ಸು. ನಾನಿರ್ತೀನಿ.”

ಹುಡುಗಿಯ ಕೈ ಹಿಡಿದು ಬಾವಿಯವರೆಗೇನೋ ನಡೆದಳು; ಪಾಚಿನೀರಿನ ವಾಸನೆ ಬಡಿದೊಡನೆ ಹಿಡಿದ ಕೈ ಬಿಟ್ಟಳು. ಮೇಲಿನ ಮೆಟ್ಟಿಲಲ್ಲಿ ನೀರಿಗೆ ಬೆನ್ನು ಹಾಕಿ ಕೂತುಬಿಟ್ಟಳು. ಎಷ್ಟೋ ಬೆಳಗುಗಳು ಹಾಗೇ ಕಳೆದವು. ಬೆನ್ನ ಹಿಂದೆ ಗಂಡನ ಗಂಟಲು ಮೆಲ್ಲಮೆಲ್ಲಗೆ ಹಳೆಯ ಗತ್ತಿಗೆ ಬರುತ್ತಿತ್ತು: “ಎದ್ರುಕೋಬ್ಯಾಡ ಕಣಮ್ಮಿ, ಕೆಳಗೆ ನನ್ ಕೈ ಅದೆ.” ರಂಜಿತಳ ಹಿಂದೆ ಕವಿತ ಬಂದಳು, ಆಮೇಲೆ ಇನ್ನಷ್ಟು ಹುಡುಗಿಯರು. ಒಮ್ಮೆ ಅವರೆಲ್ಲ ಒಟ್ಟಿಗೆ ಕೂಗಿದ್ದು ಕೇಳಿ ಚಲುವಮ್ಮ ಗಾಬರಿಯಿಂದ ತಿರುಗಿದಳು. ರಂಜಿತ ಕ್ಯಾನಿಲ್ಲದೆ ಆಚೆ ದಡ ಮುಟ್ಟಿ, ಕಲ್ಲಿಗೆ ಆತು, ಏದುಸಿರಿನಲ್ಲಿ ನಗುತ್ತಿದ್ದಳು. ತಿಥಿಯ ದಿನವೂ ಅಳದಿದ್ದ ಚಲುವಮ್ಮ ಅಲ್ಲಿ ಎಲ್ಲರೆದುರಿಗೆ, ಸೆರಗು ಬಾಯಿಗೊತ್ತಿಕೊಳ್ಳದೆ ಅತ್ತಳು. ಅಂಕಯ್ಯ ಸಮಾಧಾನ ಹೇಳಲು ಹೋಗಲಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು ತಾನೂ ಅತ್ತ.

ಮಕ್ಕಳು ಹೋದ ಮೇಲೆ ಅವಳು ಸೀರೆಯನ್ನು ಕಚ್ಚೆ ಹಾಕಿ ಒಂದೊಂದೇ ಮೆಟ್ಟಿಲಿಳಿದಳು. “ನಂಗೂ ಕಟ್ಟು ಆ ಕ್ಯಾನ.”

ಅವನು ಗಂಟು ಹಾಕಿ, ಎಳೆದು ನೋಡಿ, ಇನ್ನೊಂದು ಗಂಟು ಬಿಗಿದ. ಅಂಗೈ ಅವಳ ಬೆನ್ನಿಗೆ ಕೊಟ್ಟು ಮಲಗಿಸಿದ. ಕಿವಿಗೆ ನೀರು ಹೊಕ್ಕು ಲೋಕವೆಲ್ಲ ದೂರವಾದಾಗ ಅವಳು ಕೇಳಿದಳು: “ಬುಟ್ಬುಡಕಿಲ್ವಾ?”

“ಬುಡಕಿಲ್ಲ ಕಣೆ.”

ಈಗಲೂ ಅವಳು ನಾಲೆಯ ಹಾದಿ ತುಳಿಯುವುದಿಲ್ಲ. ಆದರೆ ಉಣ್ಣುವಾಗ ಇಬ್ಬರೂ ಎದುರುಬದುರು ಕೂರುತ್ತಾರೆ; ಮಹದೇವು ಬಂದ ದಿನ ಮೂವರೂ ನಾಗಶ್ರೀಯ ಹೆಸರು ಹಿಡಿದೇ ಮಾತಾಡುತ್ತಾರೆ, ಕೆಲವೊಮ್ಮೆ ಅವಳ ಹಟ ನೆನೆದು ನಗುತ್ತಾರೆ. ಹೊಸ ಹುಡುಗಿಯರ ಬೆನ್ನಿಗೆ ಕ್ಯಾನು ಬಿಗಿಯುವವಳು ಚಲುವಮ್ಮನೇ.

ಸಾವು ಹೊಕ್ಕ ಮನೆಗಳಲ್ಲಿ ಕೆಲವರು ದೇವರನ್ನು ಶಪಿಸುತ್ತಾರೆ, ಕೆಲವರು ಮೌನಕ್ಕೆ ಸರಿಯುತ್ತಾರೆ, ಬಹುಪಾಲು ಜನ ಕಾಲವನ್ನು ನಂಬಿ ದಿನ ದೂಡುತ್ತಾರೆ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಅಪರೂಪಕ್ಕೆ ಕೆಲವರು ತಮ್ಮ ಸರ್ವಸ್ವವನ್ನೂ ಕಸಿದುಕೊಂಡದ್ದರ ಎದುರಿಗೇ ಹೋಗಿ, ಇಳಿವಯಸ್ಸಿನಲ್ಲಿ ಅದರ ಮುಂದೆ ಅಕ್ಷರಾಭ್ಯಾಸಕ್ಕೆ ಕೂರುತ್ತಾರೆ. ಕಲಿತದ್ದರಿಂದ ಹೋದವರು ಬರುವುದಿಲ್ಲವೆಂಬುದು ಉಪದೇಶಿಸುವವರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಗೊತ್ತಿದ್ದೂ, ತಮ್ಮ ಕೂಸಿಗೆ ನಿಲುಕದೆ ಹೋದ ಕೈಯನ್ನು ಅವರು ಕಂಡವರ ಮಕ್ಕಳಿಗೆ ಚಾಚುತ್ತಾರೆ. ಅಂಥವರಿಗೆ ಹೇಳಬಹುದಾದ ಸಾಂತ್ವನ ಯಾವ ನುಡಿಯಲ್ಲೂ ಇಲ್ಲ. ಅವರ ಸಮೀಪ ಸುಮ್ಮನೆ ನಿಂತು, ಮನುಷ್ಯನ ಎದೆಗೂಡು ಇಷ್ಟು ದೊಡ್ಡದೇ ಎಂದು ಬೆರಗಾಗುವುದಷ್ಟೇ ಉಳಿದವರ ಪಾಲಿಗೆ.