ಚಿಗರಿಯ ತೂಕ

ಜಮಖಂಡಿಯ ಆ ಸಮಾರಂಭ ಮುಗಿದಂದಿನಿಂದ ಎಲ್ಲಿ ಚಪ್ಪಾಳೆ ಕೇಳಿದರೂ ನನಗೆ ಹೇಸಿಗೆಯಾಗುತ್ತದೆ. ಅಂದು ನಮ್ಮ ದೇಶ ಇನ್ನೊಂದು ದೇಶಕ್ಕೆ ನನ್ನ ನಾಯಿಯನ್ನು ಉಡುಗೊರೆಯಾಗಿ ಕೊಟ್ಟಿತು.

ಲೋಕಾಪುರದ ಹತ್ತಿರ ನಮ್ಮ ಹೊಲ. ಅಪ್ಪನ ಕಾಲದಿಂದಲೂ ಮುಧೋಳ ನಾಯಿ ಸಾಕಿದವರು ನಾವು. ಚಿಗರಿ ಎರಡು ವರ್ಷದ ಹೆಣ್ಣು ನಾಯಿ, ಜಿಂಕೆಯಂತೆ ಓಡುತ್ತಾಳೆಂದೇ ಆ ಹೆಸರು. ಅವಳ ಓಟ ನೋಡಲು ರಸ್ತೆಯಲ್ಲಿ ಹೋಗುವವರು ಬೈಕು ನಿಲ್ಲಿಸುತ್ತಿದ್ದರು. ಈ ಬದುವಿನಲ್ಲಿ ಬಿಟ್ಟರೆ, ನಾನು ಬೀಡಿ ಹಚ್ಚುವಷ್ಟರಲ್ಲಿ ಆ ಬದು ಮುಟ್ಟಿ ತಿರುಗಿ ನಿಂತಿರುತ್ತಿದ್ದಳು.

ದೀಪಾವಳಿ ಮುಗಿದ ವಾರ ಬೆಂಗಳೂರಿನಿಂದ ನೇತ್ರಾ ಎಂಬ ಅಧಿಕಾರಿ ಮನೆಗೆ ಬಂದರು. ಚಹಾ ಕುಡಿಯುತ್ತ ನನಗೆ ಜಗತ್ತಿನ ರಾಜಕೀಯ ತಿಳಿಸಿದರು. ಎರಡು ದೊಡ್ಡ ರಾಷ್ಟ್ರಗಳ ನಡುವೆ ಒಂದು ಸಣ್ಣ ಗುಡ್ಡಗಾಡು ದೇಶವಂತೆ. ಅದರ ಕಣಿವೆ ಹಾಯದೆ ಆ ಕಡೆಯ ಲಾರಿ ಈ ಕಡೆ ಬರುವಂತಿಲ್ಲ, ಸೈನ್ಯವೂ ಬರುವಂತಿಲ್ಲ. ಹಾಗಾಗಿ ಎಲ್ಲರ ಕಣ್ಣೂ ಅದರ ಮೇಲೆ. ಒಬ್ಬರು ಸುರಂಗ ಕೊರೆದುಕೊಟ್ಟಿದ್ದಾರೆ, ಇನ್ನೊಬ್ಬರು ಆಸ್ಪತ್ರೆ ಕಟ್ಟಿಸಿಕೊಟ್ಟಿದ್ದಾರೆ.

"ನಾವು ತಡವಾಗಿ ಹೊರಟಿದ್ದೀವಿ," ಎಂದರು. "ಮೊದಲು ಸ್ನೇಹ, ಆಮೇಲೆ ಒಪ್ಪಂದಕ್ಕೆ ಸಹಿ. ಅವರ ಮಂತ್ರಿಗೆ ನಾಯಿ ಅಂದ್ರೆ ಪ್ರಾಣವಂತೆ. ರಬಕವಿಯಲ್ಲಿ ಮಗ್ಗ ನೋಡಿ, ಜಮಖಂಡಿಗೆ ಊಟಕ್ಕೆ ಬರ್ತಾರೆ. ಅಲ್ಲೇ ನಿಮ್ಮ ನಾಯಿ ಕೊಡೋಣ."

ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ? ಆದರೆ ಚಿಗರಿಯನ್ನು ಅಂಗಳಕ್ಕೆ ತಂದಾಗ ಮೇಡಂ ಮುಖ ಗಂಟಿಕ್ಕಿದರು.

"ಇದೇನು ಇಷ್ಟು ಬಡಕಲು? ಪಕ್ಕೆಲುಬು ಕಾಣ್ತಿದೆ. ಊಟ ಹಾಕಲ್ವಾ?"

"ಈ ತಳಿ ಇರೂದ ಹಿಂಗರಿ. ಕಡೀ ಮೂರು ಎಲಬು ಕಣ್ಣಿಗೆ ಕಾಣಬೇಕು. ಮೈ ಬಂತಂದ್ರ ಓಡಾಕ ಬರೂದಿಲ್ರಿ."

"ಅದು ನಿಮಗೆ ಗೊತ್ತು ಲಗಮಣ್ಣನವರೇ, ಫೋಟೋ ನೋಡೋರಿಗೆ ಗೊತ್ತಿರುತ್ತಾ? ಭಾರತ ಉಪವಾಸದ ನಾಯಿ ಕೊಟ್ಟಿತು ಅಂತ ಆ ಸುರಂಗ ಕೊರೆದವರು ಊರೆಲ್ಲ ಸಾರ್ತಾರೆ. ನಲವತ್ತು ದಿನ ಇದೆ. ಈಗ ಇಪ್ಪತ್ತೊಂದು ಕೆಜಿ ಇದೆಯಲ್ಲ, ಮೂವತ್ತು ಮಾಡಿ. ಆಗಲ್ಲ ಅಂದ್ರೆ ಈಗಲೇ ಹೇಳಿ, ಬೇರೆ ನಾಯಿ ನೋಡ್ತೀವಿ."

ಬೇರೆ ನಾಯಿ ನೋಡಿಕೊಳ್ಳಿ ಎಂದು ಅಲ್ಲೇ ಹೇಳಿ ಕಳಿಸಬೇಕಿತ್ತು. ಹೇಳಲಿಲ್ಲ. ಚಿಗರಿಯನ್ನು ಅಂಗಳಕ್ಕೆ ತರುವ ಮೊದಲೇ ಲೋಕಾಪುರಕ್ಕೆ ಫೋನು ಮಾಡಿ, ನಮ್ಮ ಚಿಗರಿ ವಿಮಾನ ಹತ್ತುತ್ತಾಳೆಂದು ಕೊಚ್ಚಿಕೊಂಡಿದ್ದೆ.

ಮರುದಿನದಿಂದ ಚಿಗರಿಗೆ ಸರಪಳಿ ಬಿತ್ತು. ಜೋಳದ ನುಚ್ಚು, ಮಜ್ಜಿಗೆ ನಿಂತವು. ಅನ್ನ, ತುಪ್ಪ, ಬೆಲ್ಲ, ಜೊತೆಗೆ ಮೇಡಂ ಕಳಿಸಿದ ಪ್ಯಾಕೆಟ್ಟಿನ ಕಾಳು. ನನ್ನ ಹೆಂಡತಿ ಶಿವವ್ವ ಒಂದು ವಾರ ಇದನ್ನು ನೋಡಿದಳು.

"ಹೆಸರ ಚಿಗರಿ ಅಂತ ಇಟ್ಟೀರಿ, ಎಮ್ಮಿ ಮಾಡಾಕತ್ತೀರಿ," ಎಂದಳು ಒಂದು ದಿನ.

"ದೇಶದ ಕೆಲಸ ಐತಿ, ಸುಮ್ಮನಿರು."

"ದೇಶಕ್ಕ ಇದೊಂದ ಕೆಲಸ ಉಳದಿತ್ತೇನು? ಆಕಿ ಮೂಕ ಪ್ರಾಣಿ, ಹೇಳಾಕ ಬರೂದಿಲ್ಲ. ನಿಮಗ ಬಾಯಿ ಐತ್ಯಲ್ಲ!"

ಮೂರನೆಯ ವಾರ ಚಿಗರಿ ತಾಟು ಮೂಸಿ ಮುಖ ತಿರುವಿದಳು. ನಾನು ಅವಳ ದವಡೆ ಬಿಡಿಸಿ, ತುಪ್ಪದನ್ನದ ಉಂಡೆಯನ್ನು ಗಂಟಲವರೆಗೆ ತುರುಕಿದೆ. ಕಚ್ಚಲಿಲ್ಲ. ಕಚ್ಚಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ದಿನಾ ಹಾಗೆ ತಿನ್ನಿಸಿ ಕೈ ತೊಳೆದರೂ ಬೆರಳಿನ ತುಪ್ಪದ ವಾಸನೆ ಹೋಗುತ್ತಿರಲಿಲ್ಲ. ನನ್ನ ಊಟದ ತಾಟನ್ನು ಅರ್ಧಕ್ಕೇ ದೂಡಿ ಏಳುತ್ತಿದ್ದೆ. ಆದರೂ ಮರುದಿನ ಮತ್ತೆ ತುರುಕುತ್ತಿದ್ದೆ.

ವಾರಕ್ಕೊಮ್ಮೆ ಲೋಕಾಪುರದ ಸಾಬಣ್ಣನ ಅಂಗಡಿಗೆ ಒಯ್ದು, ಗೋವಿನಜೋಳ ತೂಗುವ ಕಾಟಾದ ಮೇಲೆ ಅವಳನ್ನು ನಿಲ್ಲಿಸುತ್ತಿದ್ದೆ. ತೂಕದ ಫೋಟೋ ಬೆಂಗಳೂರಿಗೆ ಹೋಗುತ್ತಿತ್ತು. ಅಲ್ಲಿಂದ ಹೆಬ್ಬೆರಳೆತ್ತಿದ ಚಿತ್ರ ಬರುತ್ತಿತ್ತು.

ಸಮಾರಂಭದ ದಿನ ಅತಿಥಿಗೃಹದ ಮುಂದೆ ಪೆಂಡಾಲು ಹಾಕಿದ್ದರು. ಚಿಗರಿಯ ಕೊರಳಿಗೆ ಎರಡೂ ಬಾವುಟಗಳ ಬಣ್ಣದ ರಿಬ್ಬನ್ನು ಕಟ್ಟಿದರು. ಭಾಷಣಕಾರನೊಬ್ಬ ಕೃಷ್ಣಾ ತೀರಕ್ಕೂ ಆ ಕಣಿವೆಗೂ ಸಾವಿರ ವರ್ಷದ ನಂಟು ಎಂದು ಗುಡುಗಿದ. ಅರ್ಧ ಗಂಟೆ ಮುಂಚೆ ಅದೇ ಮನುಷ್ಯ ಆ ದೇಶದ ಹೆಸರೇನೆಂದು ನನ್ನನ್ನೇ ಕೇಳಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮಂತ್ರಿ ಗಿಡ್ಡ ಆಳು, ಬಿಸಿಲಿಗೆ ಸುಟ್ಟ ಮುಖ, ಉದ್ದನೆಯ ಉಣ್ಣೆಯ ಕೋಟು. ಕ್ಯಾಮೆರಾ ಕಡೆ ನೋಡದೆ ನೇರವಾಗಿ ಬಂದು ಚಿಗರಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಬೆನ್ನೆಲುಬಿನ ಉದ್ದಕ್ಕೂ ಹೆಬ್ಬೆರಳು ಎಳೆದ. ಪಕ್ಕೆ ಒತ್ತಿ, ಒತ್ತಿ, ಎಲುಬು ಹುಡುಕಿದ. ನನ್ನ ಅಪ್ಪ ಹೀಗೇ ಹುಡುಕುತ್ತಿದ್ದ.

ಅವನ ಮಾತನ್ನು ದುಭಾಷಿ ಹಿಂದಿಯಲ್ಲಿ ಹೇಳಿದ. ಮಿರಜ, ಸೊಲ್ಲಾಪುರ ತಿರುಗಿದವನು ನಾನು, ನನಗೆ ತಿಳಿಯಿತು. "ನಮ್ಮ ಗುಡ್ಡಗಳಲ್ಲೂ ಇಂಥ ಓಡುವ ನಾಯಿಗಳಿವೆ. ಇದಕ್ಕೆ ಏನಾಗಿದೆ?"

ನಾನು ಬಾಯಿ ತೆರೆಯುವುದರೊಳಗೆ ನೇತ್ರಾ ಮೇಡಂ ನಕ್ಕರು. "ಹಳ್ಳಿಯವರು, ಸರ್. ಪ್ರೀತಿ ಹೆಚ್ಚಾಗಿ ತಿನ್ನಿಸಿಬಿಟ್ಟಿದ್ದಾರೆ."

ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ಥೂ, ಎಂಥ ನಗು ಅದು! ಮಂತ್ರಿ ಮಾತ್ರ ನಗಲಿಲ್ಲ. ತಾನೇ ಹಗ್ಗ ಬಿಚ್ಚಿ ಚಿಗರಿಯ ಬೆನ್ನು ತಟ್ಟಿದ. ಅವಳು ಹುರುಪಿನಿಂದ ಚಿಮ್ಮಿದಳು. ಇಪ್ಪತ್ತು ಹೆಜ್ಜೆ ಓಡಿ, ಪೆಂಡಾಲಿನ ಕಂಬದ ಹತ್ತಿರ ಕುಸಿದು ಕುಳಿತಳು. ಹಿಂಗಾಲು ನಡುಗುತ್ತಿದ್ದವು, ನಾಲಿಗೆ ನೆಲ ಮುಟ್ಟುತ್ತಿತ್ತು. ಅಲ್ಲಿಂದಲೇ ನನ್ನನ್ನು ನೋಡಿ ಬಾಲ ಆಡಿಸಿದಳು.

ಮಂತ್ರಿ ಅವಳ ಬಳಿ ಹೋಗಿ ತಲೆ ಸವರುತ್ತ ಕುಳಿತ, ಅವಳ ಜೊಲ್ಲು ಅವನ ಅಂಗೈಗೆ ಹತ್ತಿತು. ಕೈ ಮಾಡಿ ನನ್ನನ್ನು ಹತ್ತಿರ ಕರೆದ. ದುಭಾಷಿ ದನಿ ತಗ್ಗಿಸಿ ಹೇಳಿದ: "ಹೋದ ವರ್ಷ ನೆರೆಯವರು ನಮಗೊಂದು ಕುದುರೆ ಕೊಟ್ಟರು. ಚೆನ್ನಾಗಿ ಕಾಣಲೆಂದು ಹೀಗೇ ಕೊಬ್ಬಿಸಿದ್ದರು. ಕಣಿವೆ ಹತ್ತುವಾಗ ಎದೆ ಒಡೆದು ಸತ್ತಿತು. ನಮ್ಮ ಊರು ಇನ್ನೂ ಎತ್ತರದಲ್ಲಿದೆ. ನಾಯಿಗೆ ಆರಾಮಿಲ್ಲ ಎಂದು ನೀವೊಂದು ಮಾತು ಹೇಳಿ. ಮುಂದಿನ ವರ್ಷ ಒಯ್ಯುತ್ತೇನೆಂದು ನಾನು ಎಲ್ಲರೆದುರು ಹೇಳುತ್ತೇನೆ. ಯಾರಿಗೂ ಅವಮಾನವಾಗುವುದಿಲ್ಲ. ಸಹಿಯೂ ನಿಲ್ಲುವುದಿಲ್ಲ."

ಇಷ್ಟು ಸುಲಭ ಮಾಡಿಕೊಟ್ಟಿದ್ದ. ಒಂದೇ ಮಾತು ಸಾಕಿತ್ತು.

ನಾನು ಹಿಂದೆ ತಿರುಗಿದೆ. ನೇತ್ರಾ ಮೇಡಂ ಕಣ್ಣಗಲಿಸಿ ನನ್ನನ್ನೇ ನೋಡುತ್ತಿದ್ದರು. ಅವರ ಹಿಂದೆ ಕ್ಯಾಮೆರಾಗಳು. ಅವುಗಳ ಹಿಂದೆ ಸಾಬಣ್ಣ ಮತ್ತು ಲೋಕಾಪುರದ ಮಂದಿ ಮೊಬೈಲು ಎತ್ತಿ ಹಿಡಿದು ನಿಂತಿದ್ದರು. ಚಿಗರಿ ನನ್ನ ಚಪ್ಪಲಿಯ ಮೇಲೆ ಗದ್ದ ಇಟ್ಟಿದ್ದಳು.

"ಆರಾಮ ಅದಾಳ್ರಿ," ಎಂದೆ. "ಒಯ್ಯಿರಿ."

ಅದನ್ನೇ ಹಿಂದಿಯಲ್ಲೂ ಹೇಳಿದೆ, ದುಭಾಷಿ ಮಂತ್ರಿಗೆ ತಿಳಿಸಿದ. ಮಂತ್ರಿ ಚಿಗರಿಯ ತಲೆಯಿಂದ ಕೈ ತೆಗೆದು ಎದ್ದು ನಿಂತ. ಚಪ್ಪಾಳೆ ಶುರುವಾಯಿತು, ಕ್ಯಾಮೆರಾದವರು ಕೈ ಕುಲುಕಿ ಎಂದು ಕೂಗಿದರು. ಅವನು ನನ್ನ ಕೈ ಕುಲುಕಿದ. ಚಿಗರಿಯ ಜೊಲ್ಲು ಅಂಗೈಗೆ ಹತ್ತಿದಾಗ ಆ ಮನುಷ್ಯ ಒರೆಸಿಕೊಂಡಿರಲಿಲ್ಲ. ನನ್ನ ಕೈ ಬಿಟ್ಟ ಮೇಲೆ ಕೋಟಿಗೆ ಒರೆಸಿಕೊಂಡ.