ಹಿಡಿಕೆಯೊಳಗಿನ ಕೈ

ದುಂಡಪ್ಪ ಹನ್ನೊಂದು ವರ್ಷ ಕೆತ್ತಿದ ಚಾಕುಗಳ ಮೇಲೆಲ್ಲ ವ್ಯಾಪಾರಿ ಮುತ್ತುರಾಜ ತನ್ನ ಹೆಸರು ಹೊಡೆಸಿಕೊಂಡ.

ಈಗ ದುಂಡಪ್ಪನ ಹೆಣಕ್ಕೆ ಹಾರ ಹಾಕಲು ಬಗ್ಗಿದಾಗ ಮುತ್ತುರಾಜನ ಜೇಬಿನಿಂದ ಆ ಹೆಸರಿನ ಅಚ್ಚೇ ಜಾರಿ ಠಣ್ಣೆಂದು ಬಿತ್ತು. ಅರೆಕೆರೆಯ ತಗಡಿನ ಶೆಡ್ಡಿನಲ್ಲಿ ಅಳುತ್ತಿದ್ದವರೂ ತಿರುಗಿ ನೋಡಿದರು.

"ಸಾವಿನ ಮನೆಗೆ ಇದನ್ಯಾಕೆ ತಂದ್ರಿ ಸಾರ್?" ಪಕ್ಕದ ಮನೆಯ ವಿಮಲಾ ಕೇಳಿಯೇಬಿಟ್ಟಳು.

"ನಾಳೆ ಕೊಳ್ಳೋ ಪಾರ್ಟಿ ಬರ್ತಾರೆ ಮೇಡಂ. ಕೊನೇ ಪೀಸ್ ಉಳ್ಕೊಂಡಿದೆ." ಮುತ್ತುರಾಜ ದುಂಡಪ್ಪನ ಹೆಂಡತಿಯ ಕಡೆ ತಿರುಗಿದ. "ಬೇಜಾರ್ ಮಾಡ್ಕೋಬೇಡಿ ಯಲ್ಲವ್ವ. ಉಕ್ಕು ಮೆತ್ತಗಿರೋವಾಗ್ಲೇ ಹೆಸರು ಹೊಡೀಬೇಕು, ನಿಮಗೇ ಗೊತ್ತಲ್ಲ. ಅಲಗು ಕೊಟ್ಬಿಡಿ."

"ಅರಗಿನ್ಯಾಗ ಐತ್ರಿ," ಎಂದು ಯಲ್ಲವ್ವ ಎದ್ದಳು.

*

ತೊಂಬತ್ತೆರಡರಲ್ಲಿ ಗೋಕಾಕ ಬಿಟ್ಟು ಬಂದಾಗ ಅವಳಿಗೂ ನಂಬಿಕೆ ಇರಲಿಲ್ಲ. ಉಕ್ಕನ್ನು ಉಕ್ಕಿನಿಂದಲೇ ಕೆತ್ತುವುದುಂಟೆ? ದುಂಡಪ್ಪ ಅಲಗನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂಳುತ್ತಿದ್ದ. ನಿಧಾನವಾಗಿ ಆರಿದ್ದು ಮೆತ್ತಗಾಗುತ್ತಿತ್ತು. ಹಲಗೆಯ ಮೇಲಿನ ಅರಗಿನಲ್ಲಿ ಅದನ್ನು ಅಲುಗದಂತೆ ಕೂರಿಸಿ, ಸಣ್ಣ ಉಳಿಯಿಂದ ಗೆರೆ ಕೊರೆದು, ಸುತ್ತಲಿನ ಉಕ್ಕನ್ನು ಚೂರುಚೂರೇ ತಗ್ಗಿಸುತ್ತಿದ್ದ. ಬಳ್ಳಿ ಏಳುತ್ತಿತ್ತು.

"ಒಂದ್ ಎಲಿಗೆ ಮೂರ್ ದಿನ ಏನ್ರೀ?"

"ಹುಳಾ ತಿನ್ನಾಕ ಅಷ್ಟು ದಿನಾ ತಗೋತೈತಿ. ನಾ ಮಾಡಾಕ ಬ್ಯಾಡೇನು?"

ಆಮೇಲೆ ಮತ್ತೆ ಕುಲುಮೆ. ಬೆಂಕಿಗೆ ಗಾಳಿ ಊದುವ ಕೈಚಕ್ರ ತಿರುಗಿಸುವುದು ಅವಳ ಕೆಲಸ. ಮೊದಲ ವರ್ಷವೇ ಅದರ ಹಲ್ಲಿಗೆ ಸಿಕ್ಕಿ ತೋರುಬೆರಳು ಮೊಟಕಾಗಿತ್ತು. ಅವನು ಹಳೇ ಸ್ಪೀಕರಿನ ಮ್ಯಾಗ್ನೆಟ್ಟನ್ನು ಇಕ್ಕಳದಲ್ಲಿ ಹಿಡಿದು ಅಲಗಿಗೆ ತಾಗಿಸಿ ನೋಡುತ್ತಿದ್ದ. ಅಂಟದಷ್ಟು ಕಾಯ್ದ ಕೂಡಲೇ ಎಣ್ಣೆಯಲ್ಲಿ ಅದ್ದುತ್ತಿದ್ದ. ಅಲ್ಲಿಂದಾಚೆಗೆ ಅದರ ಮೇಲೆ ಯಾವ ಉಳಿಯೂ, ಯಾವ ಅಚ್ಚೂ ಕೂರದು.

ಒಂದೇ ಅವಳಿಗೆ ತಿಳಿಯದೆ ಉಳಿದದ್ದು. ಹಿಡಿಕೆಯೊಳಗೆ ಮುಚ್ಚಿಹೋಗುವ ಅಲಗಿನ ಬಾಲದ ಮೇಲೂ ಅವನು ಬೆನ್ನು ತಿರುಗಿಸಿ ಕೂತು ಏನೋ ಕೆತ್ತುತ್ತಿದ್ದ.

"ಏನ್ರೀ ಅದು?"

"ಯಾರಿಗೂ ಕಾಣಂಗಿಲ್ಲ. ನಿನಗ್ಯಾಕ?"

ಜಯನಗರದ ಎಕ್ಸಿಬಿಷನ್ನಿನಲ್ಲಿ ಮುತ್ತುರಾಜ ಚಾಕು ಹಿಡಿದು ಫೋಟೋಕ್ಕೆ ನಿಂತಾಗಲೂ, ಗೇಟಿನಾಚೆ ನಿಂತಿದ್ದ ದುಂಡಪ್ಪ ನಕ್ಕಿದ್ದ. ಯಾಕೆ ನಕ್ಕನೆಂದು ಅವಳು ಎಷ್ಟೋ ದಿನ ತಲೆ ಕೆಡಿಸಿಕೊಂಡಿದ್ದಳು.

*

ಯಲ್ಲವ್ವ ಅರಗಿನ ಅಂಚಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು. ಅಲಗು ಬಿಟ್ಟು ಬಂತು. ಬಾಲಕ್ಕೆ ಮೆತ್ತಿದ ಚೂರನ್ನು ಉಗುರಿನಿಂದ ಕೆರೆದಳು.

ಕಡಲೆಬೀಜದಷ್ಟು ಒಂದು ಚಕ್ರ. ಚಕ್ರದ ಹಿಡಿಯ ಮೇಲೆ ಬಳೆ ತೊಟ್ಟ ಕೈ. ತೋರುಬೆರಳು ಮೊಟಕು.

"ಎಲ್ಲಾದ್ರಾಗೂ ಇದನ್ನ ಇಟ್ಟೀರೇನು?" ಎಂದು ಹೆಣವನ್ನೇ ಕೇಳಿದಳು.

"ಏನದು?" ಮುತ್ತುರಾಜ ಇಣುಕಿದ. ಅಷ್ಟು ಚಾಕು ಮಾರಿದವನು ಒಂದರ ಹಿಡಿಕೆಯನ್ನೂ ಬಿಚ್ಚಿ ನೋಡಿರಲಿಲ್ಲ.

ಯಲ್ಲವ್ವ ಅಲಗನ್ನು ಕುಲುಮೆಯ ಇದ್ದಲಲ್ಲಿಟ್ಟು ಕಡ್ಡಿ ಗೀರಿದಳು.

"ವೈನೀ!" ಮೈದುನ ಚನ್ನವೀರ ಗಾಬರಿಯಾದ. "ಹೆಣ ಇನ್ನಾ ಎದ್ದಿಲ್ಲ. ಮನ್ಯಾಗ ಬೆಂಕಿ ಹಚ್ಚಬಾರದು. ಆರಸ್ರಿ!"

"ಹೇಳಿ ಗುರು, ಆರಿಸೋಕ್ಕೇಳಿ! ಒಂದೇ ಒಂದು ಏಟು ಹೊಡ್ಕೋತೀನಿ!" ಅಚ್ಚು ಹಿಡಿದು ಮುತ್ತುರಾಜ ಮುಂದೆ ಬಂದ. ಕಿಡಿ ಸಿಡಿದದ್ದಕ್ಕೆ ಹಿಂದೆ ಸರಿದ.

ಚಕ್ರ ತಿರುಗತೊಡಗಿತು. ಬಳೆಗಳು ಸದ್ದು ಮಾಡಿದವು. ಅಲಗು ಕೆಂಪೇರಿತು, ಬಳ್ಳಿಯ ಎಲೆಗಳೂ ಕೆಂಪೇರಿದವು. ಅವಳು ಮ್ಯಾಗ್ನೆಟ್ ತಾಗಿಸಿದಳು. ಇನ್ನೂ ಅಂಟುತ್ತಿತ್ತು.

"ಆರಸ್ರಿ ಅಂದ್ನಲ್ಲಾ ವೈನಿ!"

"ಆರಸಂಗಿಲ್ಲ," ಎಂದು ಯಲ್ಲವ್ವ ಎಣ್ಣೆಯ ಡಬ್ಬಿಯನ್ನು ಕಾಲಿನಿಂದ ಹತ್ತಿರಕ್ಕೆಳೆದುಕೊಂಡು, ಮೊಟಕು ಬೆರಳಿನ ಕೈಯಿಂದ ಮತ್ತೆ ಚಕ್ರ ತಿರುಗಿಸಿದಳು.